ಎಡಹೆಗಲ ಕರೆ

ಒಂದಡಿ ಉದ್ದ, ಒಂದಡಿ ಅಗಲ.
ಇಷ್ಟೇ ಜಾಗ. ಇದರೊಳಗೆ ಇಬ್ಬರು ಮುದುಕರ
ನಲವತ್ತು ವರ್ಷದ ಶನಿವಾರಗಳನ್ನು ಕೂರಿಸಬೇಕು,
ಅದೂ ಶುಕ್ರವಾರದೊಳಗೆ.

ರಾಟರ್‌ಡ್ಯಾಮಿನಿಂದ ಫೋನು: "ಎಡೆಲ್ಮಿರಾ,
ಸಮುದ್ರ ಇರಲಿ. ದೋಣಿ ಇದ್ದರೆ ಇನ್ನೂ ಒಳ್ಳೆಯದು.
ದ್ವೀಪ ಅಂತ ಗೊತ್ತಾಗಬೇಕಲ್ಲ, ಕೊಳ್ಳುವವರಿಗೆ."
ಗೊತ್ತಾಗಬೇಕು, ನಿಜ.
ಸಮುದ್ರವನ್ನು ಹನ್ನೊಂದು ಬಗೆಯಲ್ಲಿ ಬರೆದೆ.
ಹನ್ನೊಂದೂ ಹೋಟೆಲಿನ ಗೋಡೆಗೆ ಹೋಗುವಂಥವು.
ಪ್ರಾಯಾದ ಸಂತೆಯಲ್ಲಿ ಮೀನಿನ ಹೊಳಪು ನೋಡಿದೆ,
ಹಳೇ ಗೋಡೆಯಲ್ಲಿ ಸುಣ್ಣದಡಿಯ ಸುಣ್ಣ ಕೆದಕಿ ನೋಡಿದೆ,
ಬಸ್ಸಿನ ಗಾಜಿನ ಬಿರುಕಿಗೆ ಕಣ್ಣಿಟ್ಟು
ನನ್ನ ನಿಲ್ದಾಣ ಬಿಟ್ಟು ಎರಡು ನಿಲ್ದಾಣ ಮುಂದೆ ಹೋದೆ.
ಹುಡುಕುವ ಕಣ್ಣು ಹಸಿದ ನಾಯಿಯ ಹಾಗೆ,
ಎಲ್ಲದರ ಹತ್ತಿರ ಹೋಗುತ್ತದೆ, ಮೂಸುತ್ತದೆ, ಬಿಡುತ್ತದೆ.

ಕೊನೆಗೆ ಕಲ್ಯೆಟಾಗೆ ಹೋದೆ, ಅವರನ್ನೇ ನೋಡೋಣವೆಂದು.

ವಾಲ್ಡೆಮಿರು ಇಸ್ತ್ರಿ ಮಾಡಿದ ಕೋಟಿನಲ್ಲಿ ಕಾದಿದ್ದ,
ಎದೆಯ ಮೇಲೆ ಅಕಾರ್ಡಿಯನ್, ಮುತ್ತಿನ ಗುಂಡಿಗಳು ಫಳಫಳ.
ಫೋಟೋ ತೆಗೆಸಿಕೊಂಡು ರೂಢಿ. ಗಲ್ಲ ಸ್ವಲ್ಪ ಮೇಲೆ.
ಜೆನಿ ಪಕ್ಕಕ್ಕೆ ಸರಿದು ನಿಂತ, ಯಾರೂ ಹೇಳದೆಯೇ.
ಅವನಿಗೂ ರೂಢಿ.
ಅವನದು ವಾದ್ಯವೆನ್ನಲು ಏನಿದೆ? ಒಂದು ಕಬ್ಬಿಣದ ಸಲಾಕೆ,
ಯಾವುದೋ ಕೆಡವಿದ ಕಟ್ಟಡದ್ದು. ಒಂದು ಅಡುಗೆಮನೆಯ ಚಾಕು.
ಸಲಾಕೆಯನ್ನು ಎಡಹೆಗಲಿಗೆ ಆನಿಸಿ ಉಜ್ಜುತ್ತಾನೆ:
ಚರ್ಕ ಚರ್ಕ, ಚರಕ್ಕು.
ಕುಣಿಯುವ ಕಾಲಿಗೆ ಗೊತ್ತು, ನಡೆಸುವವನು ಯಾರೆಂದು.
ತಾಳ ಹಿಡಿದವನು, ತಾಳಿದವನು.
ಹಿಂದಿನ ಮೂರು ರೆಕಾರ್ಡುಗಳ ಹೊದಿಕೆಯಲ್ಲೂ
ಅವನ ಮೊಣಕೈ ಮಾತ್ರ ಇದೆ.

ಬಾಯಾರಿ, ಲೋಟ ಹಿಡಿದು ತಾರಸಿ ಹತ್ತಿದೆ.
ಫಾಸ್ತಾ ಗಂಡನ ಬಟ್ಟೆ ಒಣಹಾಕಿದ್ದಳು.
ಒಂದೇ ಹಗ್ಗ, ಏಳು ಬಿಳಿ ಅಂಗಿ.
ಐದನೆಯದೊಂದು ಬಿಟ್ಟು ಎಲ್ಲದರ ಎಡಹೆಗಲ ಮೇಲೂ
ಎರಡು ಬೆರಳಗಲ ತುಕ್ಕಿನ ಪಟ್ಟೆ.
ಹಳೆಯವಕ್ಕೆ ಕಾಚಿನ ಬಣ್ಣ,
ಹೊಸದಕ್ಕೆ ಕಿತ್ತಳೆಸಿಪ್ಪೆಯದು.
ಗಾಳಿ ಬಂತು. ಅಂಗಿಗಳು ಉಬ್ಬಿದವು, ಇಳಿದವು.
ನೀರು ಕುಡಿಯುವುದು ಮರೆತೆ.
ಯಾರೂ ತೆಗೆಯದ ಚಿತ್ರವನ್ನು
ಅವನ ಹೆಗಲು ತಾನೇ ಬರೆದುಕೊಂಡಿತ್ತು.

"ಇದನ್ನಾ?" ಫಾಸ್ತಾ ಹಗ್ಗಕ್ಕೂ ನನಗೂ ನಡುವೆ ನಿಂತಳು.
"ಬಟ್ಟೆ ಒಗೆಯಲು ಬಾರದವಳೆಂದು
ರಾಟರ್‌ಡ್ಯಾಮಿನವರೆಗೂ ಡಂಗುರ ಹೊಡೆಸಲೇ?
ಇದು ಮಗಳ ಮದುವೆಯದು. ಇದು ಅಸೊಮಾಡಾದಲ್ಲಿ
ಕರೆಂಟು ಹೋಗಿ ಬೆಳಗಿನ ತನಕ ಕುಣಿದ ರಾತ್ರಿಯದು.
ನಿಂಬೆ ಹಿಂಡಿದೆ, ಉಪ್ಪು ತಿಕ್ಕಿದೆ, ಬಿಸಿಲಲ್ಲಿ ಬೇಯಿಸಿದೆ,
ಹೋಗುವ ಕರೆಯಲ್ಲ ಇದು. ನಾಳೆ ಬಾ."

ಮರುದಿನ ಹೋದೆ. ರಾತ್ರಿಯಿಡೀ ಒಗೆದಿದ್ದಳು,
ಗೆಣ್ಣುಗಳು ಕೆಂಪಗೆ.
ಪಕ್ಕದ ಮನೆಯವರಿಗೆ ನಿದ್ದೆ ಇಲ್ಲವಂತೆ,
ಕಲ್ಲಿನ ಮೇಲೆ ಚರ್ಕ ಚರ್ಕ, ಚರಕ್ಕು.
ಬಿಳುಪು ಇನ್ನಷ್ಟು ಬಿಳುಪಾಗಿತ್ತು.
ಕರೆ ಇನ್ನಷ್ಟು ಕರೆಯುತ್ತಿತ್ತು.
ನಾನು ಕ್ಯಾಮೆರಾ ಎತ್ತಿದೆ. ಅವಳು ಏನೂ ಅನ್ನಲಿಲ್ಲ.
ವಾಲಿದ್ದ ಒಂದು ಕ್ಲಿಪ್ಪು ನೆಟ್ಟಗೆ ಮಾಡಿ
ಚೌಕಟ್ಟಿನಾಚೆ ಸರಿದಳು.

ವಾಲ್ಡೆಮಿರು ಮಾದರಿ ನೋಡಿ ತುಂಬ ಹೊತ್ತು ಸುಮ್ಮನಿದ್ದ.
"ನಾನೆಲ್ಲಿ?"
ಉಬ್ಬಿದ ತೋಳುಗಳನ್ನು ತೋರಿಸಿದೆ: ಒಳಗಿನ ಗಾಳಿ ನೀನು.
ಒಪ್ಪಿದನೋ, ಸುಸ್ತಾಗಿ ಬಿಟ್ಟುಕೊಟ್ಟನೋ, ತಿಳಿಯದು.
ಹೆಸರು ದೊಡ್ಡ ಅಕ್ಷರದಲ್ಲಿ ಬೇಕೆಂದ. ಹಾಕಿದೆ.

ರಾಟರ್‌ಡ್ಯಾಮಿನದು ಒಂದೇ ತಕರಾರು:
ಐದನೆಯ ಅಂಗಿಗೇಕೆ ಪಟ್ಟೆ ಇಲ್ಲ,
ಬರೆದು ಸೇರಿಸಬಹುದಲ್ಲ, ಎರಡು ನಿಮಿಷದ ಕೆಲಸ.
ಜೆನಿಯನ್ನು ಕೇಳಿದೆ.

"ಅದು ಅಳಿಯನದು. ಬ್ಯಾಂಕಿನಲ್ಲಿದ್ದಾನೆ," ಅಂದ,
ಚಾಕುವಿನ ಅಲಗನ್ನು ಪ್ಯಾಂಟಿಗೆ ಒರೆಸುತ್ತ.
"ಇರಲಿ ಬಿಡು.
ಒಂದು ಪೆಟ್ಟು ಬಿಟ್ಟೇ ಬಾರಿಸಬೇಕು."