ಬೆರಳಚ್ಚು

ಚಿಕ್ಕಬಳ್ಳಾಪುರದ ಕೋರ್ಟಿನೆದುರು, ಹೊಂಗೆಯ ಕೆಳಗೆ
ಇಪ್ಪತ್ತೇಳು ವರ್ಷದಿಂದ ನನ್ನ ಮೇಜು.
ಪುಟಕ್ಕೆ ಇಷ್ಟು. ಕಣ್ಣೀರಿಗೆ ಬೇರೆ ದರವಿಲ್ಲ.

ಗಂಗರತ್ನ ಬಂದಳು, ಶಿಡ್ಲಘಟ್ಟದ ಮೊದಲ ಬಸ್ಸಿಗೆ.
ಸೆರಗಿನಲ್ಲಿ ಬೆಂದ ಗೂಡಿನ ವಾಸನೆ.
'ಆ ಆಪ್ತಸಮಾಲೋಚಕರನ್ನ ನಮ್ಮ ಕೇಸಿಂದ ತೆಗೀಬೇಕು ಸಾ,
ಹಂಗಂತ ಅರ್ಜಿ ಹೊಡೀರಿ.'

ಆಧಾರ? ಅಂದೆ.

'ನಮ್ಮೆಜಮಾನ್ರಿಗೆ ಕುರ್ಚಿ, ನಂಗೆ ಬೆಂಚು.'
ಬೆಂಚೂ ಕೂರಲಿಕ್ಕೇ ಅಲ್ಲವೇನಮ್ಮ.
'ನಾನು ಬಾಯಿ ತೆಗೆದ್ರೆ ಗಡಿಯಾರ ನೋಡ್ತಾರೆ.'
ಗಡಿಯಾರ ನೋಡುವುದು ಅಪರಾಧವಲ್ಲ.
'ಮಗು ಯಾರ ಹತ್ರ ಇರಬೇಕು ಅನ್ನೋ ಮಾತಿಗೆ ಮುಂಚೆ
ನೀನು ಫಿಲೇಚರಿಗೆ ಹೋದ್ರೆ ಸಾರು ಯಾರು ಮಾಡ್ತಾರೆ ಅಂದ್ರು.
ಯಜಮಾನ್ರನ್ನ ಸಾರಿನ ಮಾತೇ ಕೇಳಲಿಲ್ಲ.'
ಇದನ್ನು ಬರೆದುಕೊಂಡೆ.

ಆಮೇಲೆ ಸ್ವಲ್ಪ ತಡೆದು,
'ಅವರಿಗೆ ನೀವು ಅಂತಾರೆ. ನಂಗೆ ನೀನು.'

ಮುಚ್ಚಿದ ಬಾಗಿಲಿನ ಹಿಂದಿನ ನೀನು
ಸಾಕ್ಷಿಗೆ ಬಂದು ನಿಲ್ಲುವುದಿಲ್ಲ, ಅಂದೆ.
ವರದಿಯ ನಕಲು ಬಿಚ್ಚಿದಳು, ನಾಲ್ಕು ಮಡಿಕೆ:
ಅರ್ಜಿದಾರಳು ಹೊಂದಿಕೊಳ್ಳುವ ಸ್ವಭಾವದವಳಲ್ಲ.
ಎದುರುದಾರರು ಸಮಾಧಾನದಿಂದ ಮಾತನಾಡಿದರು.
ಏಳನೇ ಕ್ಲಾಸಿನವರೆಗೆ ಓದಿದವಳು,
ಇಲ್ಲಿ ಳು, ಇಲ್ಲಿ ರು ಎಂದು ಎಣಿಸಿ
ಹತ್ತೊಂಬತ್ತು ಕಡೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದಳು.

ನನ್ನ ಪರದೆಯ ಮೇಲೆ ಆಗಲೇ ಒಂದು ಸಾಲು ಕೂತಿತ್ತು:
'ಸದರಿ ಅರ್ಜಿದಾರಳು ಬೇಡಿಕೊಳ್ಳುವುದೇನೆಂದರೆ,
ಸದರಿ ಸಮಾಲೋಚಕರು...'
ಅವಳು ಓದಿದಳು. ಏನೂ ಅನ್ನಲಿಲ್ಲ.
ಹೊಂಗೆಯ ಹೂ ಕೀಲಿಮಣೆಗೆ ಉದುರಿತು, ಊದಿದೆ.

ಳ ಬೀಳಬೇಕಾದರೆ ಎರಡು ಕೀಲಿ ಒತ್ತಬೇಕು,
ರ-ಗೆ ಒಂದೇ ಸಾಕು.
ಆದರೂ ಇಷ್ಟು ವರ್ಷ ಬಿಡದೆ ಆ ಶ್ರಮಪಟ್ಟಿದ್ದೇನೆ.
ಈ ಟೈಪಿಸ್ಟನನ್ನು ತೆಗೆಯಿರಿ ಎಂದು ಯಾರಾದರೂ ಅರ್ಜಿ ಕೊಟ್ಟರೆ
ಅದನ್ನೂ ನಾನೇ ಹೊಡೆಯಬೇಕು.

ಅಳಿಸಿದೆ. ಅರ್ಜಿದಾರರು, ಎಂದು ಹೊಡೆದೆ.

ನೋಟರಿಯ ಪುಸ್ತಕದಲ್ಲಿ ಸಹಿಯ ಪಕ್ಕ ಹೆಬ್ಬೆಟ್ಟೂ ಬೇಕು.
ಶಾಯಿಗೆ ಅದ್ದಿ ಒತ್ತಿದರು ಗಂಗರತ್ನ.
ಗೆರೆಯೇ ಮೂಡಲಿಲ್ಲ. ಹನ್ನೊಂದು ವರ್ಷ
ಕುದಿನೀರಿನಲ್ಲಿ ಎಳೆ ಹುಡುಕಿದ ಬೆರಳು.
ಕಾಗದದ ಮೇಲೆ ಒಂದು ನುಣ್ಣನೆಯ ನೀಲಿ ಗೂಡು.
'ಬೆರಳಚ್ಚು ಬರ್ತಿಲ್ಲ, ಇನ್ನೊಂದ್ಸಲ ಒತ್ತು' ಎಂದರು ನೋಟರಿ.
ನನ್ನ ಕಸುಬಿಗೂ ಅದೇ ಹೆಸರು.
ನನ್ನದು ಮಾತ್ರ ಪ್ರತಿ ಪುಟದಲ್ಲೂ ಸ್ಪಷ್ಟ.

ಸಾಯಂಕಾಲ ಅವರ ಗಂಡ ಪಿಳ್ಳಾಂಜಿನಪ್ಪನವರು ಬಂದರು,
ಅದೇ ಅರ್ಜಿಗೆ ತಕರಾರು ಹೊಡೆಸಲು.
ಅಂಗಿಯ ಜೇಬಿನಲ್ಲಿ ಮಗಳ ಗುಲಾಬಿ ಬಣ್ಣದ ಕ್ಲಿಪ್ಪು.
ನಿನ್ನೆಯಿಂದ ಅಲ್ಲೇ ಇರಬೇಕು.

ಪರದೆಗೆ ಬಗ್ಗಿ ನಿಧಾನ ಓದಿದರು:
ಅರ್ಜಿದಾರರ ಆರೋಪಗಳೆಲ್ಲ ಸುಳ್ಳು.
'ಅರ್ಜಿದಾರರು ಅಂದ್ರೆ?
ಎಷ್ಟು ಜನ ಸಾ ಅವಳ ಕಡೆ?'

'ಒಬ್ಬರೇ,' ಅಂದೆ.