ಕರಿ ಟಿಕಳಿ

ಗುಳೇದಗುಡ್ಡದಾಗ ನಂದೊಂದು ಟಂಟಂ ಐತಿ.
ಹಿಂದ ಬರಸೀನಿ: ದಾರಿ ಬಿಡ್ರಿ, ಪಾಟಿಚೀಲ ಅದಾವು.
ಹನ್ನೊಂದು ಹುಡುಗೂರು,
ಹನ್ನೆರಡನೇದಾಕಿ ನನ್ನ ಮಗಳು ಮುನೀರಾ,
ನನ್ನ ಬಾಜೂಕ. ಹಾರ್ನ್ ಒತ್ತೋ ಹಕ್ಕು ಆಕಿದು.

ಶ್ರಾವಣದಾಗ ಸಾಲಿಗೆ ಹೊಸ ಅಕ್ಕೋರು ಬಂದ್ರು.
ಬಾಗಿಲ ಹಂತ್ಯಾಕ ಗ್ವಾಡಿಗೆ ಹಾಳಿ ಹಚ್ಚಿದ್ರು,
ದೊಡ್ಡದು, ಖಣದ ಅಂಗಡ್ಯಾಗ ಸುತ್ತಿ ಕೊಡೋ ಅಂಥಾದ್ದು.
ಒಬ್ಬೊಬ್ಬರ ಹೆಸರಿನ ಮುಂದ ದಿನಕ್ಕೊಂದು ಖಾಲಿ ಮನಿ.
ಸಂತ್ಯಾಗಿಂದ ಟಿಕಳಿ ಪಾಕೀಟು ತಂದಿದ್ರು:
ನಡಕೋತ ಬಂದವರಿಗೆ ಹಸರು,
ಸೈಕಲ್ಲಿಗೆ ನೀಲಿ,
ಸರಕಾರಿ ಬಸ್ಸಿಗೆ ಅರಿಷಿಣ,
ಹೊಗಿ ಬಿಡೋ ಗಾಡಿಗೆ ಕರಿ.
ತಮ್ಮ ಕೈಲೆ ತಾವ ಹಚ್ಚಬೇಕು. ಸುಳ್ಳು ನಡಿಯಾಂಗಿಲ್ಲ.

ಹದಿನೈದು ದಿನಕ್ಕ ನನ್ನ ಮಗಳ ಹೆಸರಿನ ಮುಂದ
ಇರಿವಿ ಹರಿದಂಗ ಕರಿ.
"ಅಬ್ಬಾ, ಬೇವಿನ ಗಿಡದ ಹಂತ್ಯಾಕ ಇಳಿಸು,
ಅಲ್ಲಿಂದ ನಡದು ಹೋಗತೀನಿ."
"ಗಾಡಿ ಹೆಂಗೂ ಅಲ್ಲಿಗೇ ಹೋಗತೈತಿ, ಹುಚ್ಚಿ.
ಅಪ್ಪನ ಗಾಡಿ ನಾಚಿಕಿ ಬಂತೇನ?"
ಮಾತಾಡಲಿಲ್ಲ. ಹಾರ್ನೂ ಒತ್ತಲಿಲ್ಲ.

ಸಿಟ್ಟು ಬಂತ್ರಿ.
ಸಾಲಿಗೆ ಹ್ವಾದೆ,
ಚಪ್ಪಲಿ ಹೊರಗ ಬಿಟ್ಟು, ಸಿಟ್ಟು ಒಳಗ ತಗೊಂಡು.
"ಅಕ್ಕೋರ, ಹನ್ನೆರಡು ಹುಡುಗೂರು
ಹನ್ನೆರಡು ಮೋಟರ್ ಸೈಕಲ್ಲಿನ ಮ್ಯಾಲ ಬಂದ್ರ
ಹನ್ನೆರಡು ಕರಿ. ಒಪ್ಪತೀನಿ.
ನಂದು ಒಂದ ಗಾಡಿ, ಒಂದ ಹೊಗಿ.
ಒಂದು ಟಿಕಳಿನ ಹನ್ನೆರಡು ತುಂಡ ಮಾಡಿ ಹಂಚ್ರಿ.
ಲೆಕ್ಕ ಈ ಸಾಲ್ಯಾಗನ ಕಲತೀನಿ,
ನಾಕನೇತ್ತಾ ತನಕ."

ಅಕ್ಕೋರು ನಗಲಿಲ್ಲ. ಅದ ಚಲೋ ಆತು.
ಹುಡುಗೂರ ಕಡೆ ತಿರುಗಿದ್ರು: ಏನಂತೀರಿ?
ಗದ್ದಲ. ಒಬ್ಬ ಅಂದ, ಹಂಗಾರ ಅರ್ಧ ಕರಿ.
ಒಬ್ಬಾಕಿ ಅಂದ್ಲು, ಕತ್ತರಿ ಎಲ್ಲೈತಿ?
ಹಿಂದಿಂದ ಗುರುಸಿದ್ದ ಎದ್ದು ನಿಂತ,
ಒಂದು ಕಾಲು ಚೂರು ಗಿಡ್ಡ ಅವಂದು, ಮನಿ ಗುಡ್ಡದ ಬುಡಕ.
"ನಾ ಕರಿ ಹಚ್ಚೂದು ಬಿಟ್ಟು ಮೂರು ದಿನ ಆತ್ರಿ.
ನಡಕೋತ ಬಂದ್ರ ಪ್ರಾರ್ಥನಾ ಮುಗದಿರತೈತಿ.
ಅದಕ್ಕ ಖಾಲಿ ಬಿಟ್ಟೀನಿ ಮನಿ."

ಯಾರೂ ಮಾತಾಡಲಿಲ್ಲ.
ನನಗ ನೋಡಾಕ ಗ್ವಾಡಿ ಒಂದ ಉಳದಿತ್ತು.
ಹಾಳಿ ಕೆಳಗ, ಎಲ್ಲಾರ ಹೆಸರು ಮುಗದ ಮ್ಯಾಲ,
ಅಕ್ಕೋರ ಹೆಸರು. ಬಾಗಲಕೋಟಿಯಿಂದ ಸ್ಕೂಟಿ.
ಕರಿ, ಕರಿ, ಕರಿ, ಒಂದು ಅರಿಷಿಣ,
ಮತ್ತ ಕರಿ.
ಬಂದ ಸಿಟ್ಟು ಎಲ್ಲಿ ಇಡಬೇಕು ತಿಳೀಲಿಲ್ಲ.

ಈಗ ನಾಕು ಮಂದಿ ಕಡಿಮಿ.
ನೇಕಾರ ಓಣಿಯವು, ಕೂಗಿದ್ರ ಸಾಲಿಗೆ ಕೇಳೋವಷ್ಟು ಹತ್ತರ.
ಕೈ ಕೈ ಹಿಡಕೊಂಡು ಗಟಾರ ದಾಟತಾವು.
ತಿಂಗಳಿಗೆ ಹದಿನಾರನೂರು ಹೋತು. ಹೋದದ್ದು ಹೋತು ಅನಬೇಕು.
ಗುಡ್ಡದ ಕಡಿಂದ ಇಬ್ಬರು ಹೊಸಬರು ಸಿಕ್ಕಾರ,
ಲೆಕ್ಕ ಇನ್ನೂ ಕೂಡಿಲ್ಲ.
ಮುನೀರಾ ಬೇವಿನ ಗಿಡಕ್ಕ ಇಳೀತಾಳ.
ಅಲ್ಲೀತನಕ ಕರಿ, ಅಲ್ಲಿಂದ ಹಸರು,
ಎರಡೂ ಹಚ್ಚತಾಳಂತ ಒಂದ ಮನ್ಯಾಗ, ಒಂದರ ಮ್ಯಾಲೊಂದು.
ಆಕಿ ಜಾಗಾದಾಗ ಗುರುಸಿದ್ದ ಕುಂಡರತಾನ.
ಹಾರ್ನ್ ಅವಂದು. ಬ್ಯಾಡಂದ್ರೂ ಒತ್ತತಾನ.

ಸಾಲಿ ಬಿಡೂತನಕ ಮೊದಲ ಇಂಜಿನ್ ಚಾಲೂನ ಇಡತಿದ್ದೆ,
ಬ್ಯಾಟರಿ ಢೀಲಾ, ಮತ್ತ ಎಳಿಯಾಕ ಬ್ಯಾಸರ.
ಮೊನ್ನಿ ಕೀಲಿ ತಿರುವಿದೆ.
ಗಾಡಿ ಮೈ ಝಾಡಿಸಿ ಸುಮ್ಮನಾತು.
ಎಂಟು ವರ್ಷ ಈ ಗೇಟಿನ ಮುಂದ
ಏನ ಕೇಳಕೋತ ನಿಂತಿದ್ದೆ ನಾನು?

ಎಡಕ ಓಣ್ಯಾಗ ಮಗ್ಗ:
ಖಟ್, ಖಟ್, ಲಾಳಿ ಹೋತು, ಲಾಳಿ ಬಂತು.
ಬಲಕ ಕಿಡಕ್ಯಾಗ ಮಗ್ಗಿ:
ಹನ್ನೆರಡೊಂದಲೆ ಹನ್ನೆರಡು,
ಹನ್ನೆರಡೆರಡಲೆ ಇಪ್ಪತ್ನಾಕು.
ಎರಡೂ ಕೂಡಿ ಒಂದ ತಾಳಕ್ಕ ನಡದಿದ್ದವು.
ಹನ್ನೆರಡೇಳಲೆಗೆ ಎಲ್ಲಾ ಎಡವಿದ್ವು.
ಮೀಟರಿನ ಮ್ಯಾಲಿನ ಧೂಳಿನಾಗ
ಬಟ್ಟಲೆ ಬರದೆ:
ಎಂಬತ್ನಾಕು.