ಚುಕ್ಕೆ ಮೂಡಿದ ಮೊಟ್ಟೆ

ವಿಮಾನ ಇಳಿದದ್ದು ಬೆಳಗಿನ ಜಾವ ನಾಲ್ಕೂ ಹತ್ತಕ್ಕೆ.
ಬಾಗಿಲಲ್ಲಿ ಎರಡು ಹೂಗುಚ್ಛ,
ಒಂದು ರಾಜ್ಯದ್ದು, ಒಂದು ದಿಲ್ಲಿಯದು,
ನಡುವೆ ಮೂರು ಮಾರು ನುಣ್ಣನೆ ಗ್ರಾನೈಟು.
ಯಾವುದನ್ನು ಮೊದಲು ಹಿಡಿಯಲಿ ಎಂಬಂತೆ
ಮದಾಂ ರಸೋವಾ ನನ್ನ ಮುಖ ನೋಡಿದರು.
ನಾನು ಬರೀ ದುಭಾಷಿ, ದಿನಕ್ಕೆ ಆರು ಸಾವಿರ, ಊಟ ಅವರದೇ.
ಹೂವಿನ ವಿಷಯ ಕರಾರಿನಲ್ಲಿರಲಿಲ್ಲ.
ಆಕೆ ಎರಡೂ ಕೈ ಒಟ್ಟಿಗೆ ಚಾಚಿದರು,
ಕೈಚೀಲ ನೆಲಕ್ಕೆ ಬಿತ್ತು.

ಅವರ ದೇಶ ಭೂಪಟದಲ್ಲಿ
ನನ್ನ ಕಿರುಬೆರಳ ಉಗುರಿನಷ್ಟು.
ಬೇಕಿದ್ದದ್ದು ರೇಷ್ಮೆಮೊಟ್ಟೆ, ಒಂದು ಪೆಟ್ಟಿಗೆ.
ಬದಲಿಗೆ ಯಾವುದೋ ದೊಡ್ಡ ಸಭೆಯಲ್ಲಿ
ನಮ್ಮ ಪರವಾಗಿ ಎತ್ತುವ ಒಂದು ಕೈ.
ಅಷ್ಟೇ ಒಪ್ಪಂದ, ಒಂದೂವರೆ ಪುಟ.
ತಲಘಟ್ಟಪುರದಲ್ಲಿ ಅಂಜನಮೂರ್ತಿ
ಐದು ಡಿಗ್ರಿಯಿಂದ ಮೊಟ್ಟೆ ಹೊರತೆಗೆದು
ಸಹಿಯ ಮುಹೂರ್ತಕ್ಕೆ ಲೆಕ್ಕಹಾಕಿ ಕಾವು ಕೊಟ್ಟಿದ್ದ.

ಆದರೆ ಉಪಚುನಾವಣೆಗೆ ಹನ್ನೊಂದೇ ದಿನ.
ಫ್ಲೆಕ್ಸು ರಾತ್ರೋರಾತ್ರಿ ಮೂರು ಸಲ ಬದಲಾಯಿತು.
ಮೊದಲು ಒಬ್ಬರ ಮುಖ ಅಂಚೆಚೀಟಿಯಷ್ಟು,
ಆಮೇಲೆ ಇನ್ನೊಬ್ಬರದು.
ಕೊನೆಯದರಲ್ಲಿ ಅತಿಥಿಯ ಹೆಸರಿಗೇ ಜಾಗವಿಲ್ಲ.

ದಿಲ್ಲಿಯ ಮಂತ್ರಿ ಎದ್ದು ನಿಂತರು.
ಕಣ್ಣು ಮದಾಂ ಮೇಲಿಲ್ಲ, ಹಿಂದಿನ ಕ್ಯಾಮೆರಾಗಳ ಮೇಲೆ:
"ಇಲ್ಲಿನವರ ಕೈಗೆ ಮೊಟ್ಟೆ ಕೊಟ್ಟರೆ
ಆಮ್ಲೆಟ್ ಮಾಡಿ ತಿಂದಾರು!"
ನಾನು ಫ್ರೆಂಚಿನಲ್ಲಿ ಹೇಳಿದೆ:
ರೇಷ್ಮೆಗೆ ಇಲ್ಲಿ ದೊಡ್ಡ ಇತಿಹಾಸವಿದೆ.
ನಮ್ಮ ಮಂತ್ರಿ ಬಿಡುವರೇ, ಮೈಕು ಕಿತ್ತುಕೊಂಡು:
"ಮಣೆ ಹಾಕಿದವರು ನಾವು, ಎಲೆ ಹಾಸಿದವರು ನಾವು,
ಬಡಿಸೋಕೆ ಇವರ್ಯಾರು?"
ನಾನು ಹೇಳಿದೆ: ಇವರೂ ನಿಮ್ಮನ್ನು ಸ್ವಾಗತಿಸುತ್ತಾರೆ.
ಇಪ್ಪತ್ತು ನಿಮಿಷದ ಕೂಗಾಟ
ನನ್ನ ಬಾಯಲ್ಲಿ ನಾಲ್ಕು ವಾಕ್ಯವಾಯಿತು.
ಮದಾಂ ಗಡಿಯಾರ ನೋಡಿ ಏನೋ ಬರೆದುಕೊಂಡರು.

ಸಹಿ ನಾಳೆಗೆ ಹೋಯಿತು, ನಾಳೆ ನಾಡಿದ್ದಿಗೆ.
ಮೊದಲು ಯಾರ ಪೆನ್ನು ಎಂಬುದು ತೀರ್ಮಾನವಾಗಲಿಲ್ಲ.
ಸಂಜೆ ಅಂಜನಮೂರ್ತಿಯ ಫೋನು:
"ಮೊಟ್ಟೇಲಿ ಚುಕ್ಕೆ ಮೂಡಿದೆ ಮೇಡಂ,
ಇನ್ನು ತಡೆಯೋಕಾಗಲ್ಲ,
ಹುಳಕ್ಕೆ ಪಾರ್ಟಿ ಗೊತ್ತಿಲ್ಲ."

ಹೆಬ್ಬಾಳದ ಮೇಲ್ಸೇತುವೆಯಲ್ಲಿ ಕಾರು ನಿಂತೇ ಇತ್ತು.
ಚಾಲಕ ಮುನಿಹನುಮಯ್ಯ ಕನ್ನಡಿಯಲ್ಲಿ ನೋಡಿ
"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು" ಅಂದ.
ಏನಂದರು? ಮದಾಂ ಕೇಳಿದರು.
ತೂಕದ ಮಾತು, ಇದನ್ನು ಮಾತ್ರ
ಒಂದಕ್ಷರ ಬಿಡದೆ ಅನುವಾದಿಸಿದೆ.
ಬಡವು ಎಂದರೆ ಸೊರಗುವುದು, ದುಡ್ಡಿಲ್ಲದಿರುವುದಲ್ಲ
ಎಂದೂ ಬಿಡಿಸಿ ಹೇಳಿದೆ.
ಆಕೆ ಕಿಟಕಿಯಾಚೆ ಕೆರೆ ನೋಡುತ್ತ:
"ಕೂಸು ಯಾರು, ನಾನಾ?"
ಹತ್ತು ಹಾರ್ನುಗಳಾದ ಮೇಲೆ ಆಕೆಯೇ ನಕ್ಕರು:
"ನಮ್ಮಲ್ಲೂ ಕಾಯುತ್ತಿದ್ದಾರೆ.
ಖಾಲಿ ಕೈಯಲ್ಲಿ ಇಳಿದರೆ
ಫೋಟೋ ತೆಗೆಯೋಕೆ, ವಿರೋಧ ಪಕ್ಷದವರು."

ಹೊರಟಾಗ ಆಕೆಯ ಬಳಿ ಇದ್ದದ್ದು
ಎರಡು ಪೇಟ, ಎರಡು ಗಂಧದ ಆನೆ,
ಎರಡೂ ಕಚೇರಿಯ ಶುಭಾಶಯ ಪತ್ರ.
ಅದೇ ಮಧ್ಯಾಹ್ನ ತಲಘಟ್ಟಪುರದಲ್ಲಿ
ಸಾಸಿವೆಗಿಂತ ಸಣ್ಣ ಹುಳಗಳು
ಮೊಟ್ಟೆಹಾಳೆಯ ಮೇಲೆ ಹರಿದಾಡಿದವು.
ಅಂಜನಮೂರ್ತಿ ಎಳೆಸೊಪ್ಪು ಹೆಚ್ಚುತ್ತ ಕೂತ,
ಊಟಕ್ಕೂ ಏಳದೆ.

ನಾಲ್ಕು ತಿಂಗಳಾದ ಮೇಲೆ, ಆ ದೊಡ್ಡ ಸಭೆ.
ಪತ್ರಿಕೆಯ ಏಳನೇ ಪುಟದಲ್ಲಿ, ಒಂದೇ ಸಾಲು:
ಉಗುರಿನಷ್ಟು ದೇಶ ಮತಕ್ಕೆ ಗೈರು.
ಮೊದಲ ಪುಟದಲ್ಲಿ
ಇದು ಅವರಿಂದಲೇ ಆದದ್ದೆಂದು ಇವರು,
ಇವರಿಂದಲೇ ಎಂದು ಅವರು.

ನನ್ನ ಬಿಲ್ಲು ಇನ್ನೂ ಪಾಸಾಗಿಲ್ಲ.
ರಾಜ್ಯದವರು ದಿಲ್ಲಿಯನ್ನು ಕೇಳಿ ಅಂತಾರೆ,
ದಿಲ್ಲಿಯವರು ಕರೆಸಿದ್ದು ಯಾರು ಅಂತಾರೆ.
ಅಂಜನಮೂರ್ತಿ ಕೊಟ್ಟ ಒಂದು ಗೂಡನ್ನು
ಬಿಲ್ಲಿನ ನಕಲಿನ ಮೇಲೆ ಭಾರಕ್ಕೆಂದು ಇಟ್ಟಿದ್ದೇನೆ.
ಫ್ಯಾನು ಹಾಕಿದರೆ
ಎರಡೂ ಹಾರುತ್ತವೆ.